ಸಿಂಧನೂರಿನ ಪರಸಣ್ಣ

ಬಸ್ಸಿನಲ್ಲಿ ನಾನು ದಿನಕ್ಕೆ ಏನಿಲ್ಲವೆಂದರೂ ನೂರು ಸಲ ಹೇಳುವ ಮಾತು ಒಂದಿದೆ: "ಹಿಡ್ಕೊಂಡು ನಿಂದರ್ರಿ." ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗಿ ಬರುವ ಬಸ್ಸುಗಳಲ್ಲಿ ಹನ್ನೊಂದು ವರ್ಷದಿಂದ ಕಂಡಕ್ಟರ್ ಆಗಿದ್ದೇನೆ. ಊರಿಗೆಲ್ಲ ಹಿಡಿದುಕೊಳ್ಳಲು ಹೇಳುವ ನಾನು ಮಾತ್ರ ಎಂದೂ ಏನನ್ನೂ ಹಿಡಿದವಳಲ್ಲ. ಒಂದು ಕೈಯಲ್ಲಿ ಟಿಕೆಟ್ ಯಂತ್ರ, ಇನ್ನೊಂದರಲ್ಲಿ ಚಿಲ್ಲರೆ, ಕಂಬ ಹಿಡಿಯಲು ಮೂರನೆಯ ಕೈಯನ್ನು ದೇವರು ಕೊಟ್ಟಿಲ್ಲ. ಬಸ್ಸು ಎತ್ತ ವಾಲಿದರೂ ಎರಡು ಕಾಲಿನ ಮೇಲೆ ನೆಟ್ಟಗೆ ನಿಲ್ಲುತ್ತೇನೆ ಎನ್ನುವುದು ನನ್ನ ದೊಡ್ಡ ಜಂಬವಾಗಿತ್ತು. ಆ ಜಂಬ ಒಂದು ಚಪ್ಪಲಿಯಿಂದ ಇಳಿಯಿತು.

ನಾಟಿಯ ದಿನಗಳು. ಬಳಗಾನೂರಿಗೆ ಹೋಗುವ ಟ್ರಿಪ್ಪು, ಗದ್ದೆ ಕೆಲಸದ ಹೆಣ್ಣುಮಕ್ಕಳಿಂದ ಬಸ್ಸು ತುಂಬಿತ್ತು. ಎರಡು ದಿನದಿಂದ ನನ್ನ ಪಾದ ಜುಮ್ಮೆನ್ನುತ್ತಿತ್ತು, ನಿಂತು ನಿಂತು ಹಾಗಾಗಿದೆ ಅಂದುಕೊಂಡಿದ್ದೆ. ಹಿಂದಿನಿಂದ ಯಾರೋ ಒಂದು ಚಪ್ಪಲಿ ಎತ್ತಿ ಹಿಡಿದು, "ಯಾರದಿದು?" ಎಂದರು. ನಾನೂ ಅದನ್ನು ಇಸಿದುಕೊಂಡು ಕಂಡಕ್ಟರ್ ದನಿಯಲ್ಲಿ ಬಸ್ಸಿಗೆಲ್ಲ ಕೇಳುವಂತೆ ಕೂಗಿದೆ. "ಚಪ್ಪಲಿ ಯಾರದ್ರಿ? ಜಲ್ದಿ ತಗೋರಿ." ಯಾರೂ ತೆಗೆದುಕೊಳ್ಳಲಿಲ್ಲ. ಆಮೇಲೆ ಒಬ್ಬ ಮುದುಕಿ ನನ್ನ ಕಾಲಿನ ಕಡೆ ಬೆರಳು ತೋರಿಸಿದಳು. ನನ್ನ ಎಡಗಾಲು ಬರಿದಾಗಿತ್ತು. ನನ್ನ ಚಪ್ಪಲಿ ನನಗೇ ತಿಳಿಯದಂತೆ ಕಳಚಿ, ಅಷ್ಟು ದೂರ ಹೋಗಿತ್ತು. ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ. ಮುಂದಿನ ತಿರುವಿನಲ್ಲಿ ಧೊಪ್ಪನೆ ಒಂದು ಚೀಲದ ಮೇಲೆ ಬಿದ್ದೆ. ಅದೇ ಮುದುಕಿ ನನ್ನನ್ನು ಎಬ್ಬಿಸಿ ಕೂರಿಸಿ ಹೇಳಿದಳು. "ಯವ್ವಾ, ಊರಿಗೆಲ್ಲ ಹೇಳ್ತಿ. ನೀನೂ ಒಂದೀಟು ಹಿಡ್ಕೊಂಡು ನಿಂದ್ರವ್ವ."

ಆವತ್ತಿನಿಂದ ಐದು ತಿಂಗಳು ನಾನು ನಿಲ್ಲಲಿಲ್ಲ.

ನಮ್ಮ ಮನೆ ಮಸ್ಕಿಯಲ್ಲಿ. ಮನೆಯಲ್ಲಿರುವುದು ಮೂರೇ ಜನ: ನಾನು, ಬಸ್ ನಿಲ್ದಾಣದ ಹತ್ತಿರ ದರ್ಜಿ ಅಂಗಡಿ ಇಟ್ಟಿರುವ ನನ್ನ ಗಂಡ ಅಮರೇಶ, ನನ್ನ ಅವ್ವ ಈರಮ್ಮ. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲು ಹೋದರೆ ಮೊಣಕಾಲು ನನ್ನವಲ್ಲ ಎನ್ನುವಂತೆ ಮಲಗಿದ್ದವು. ಅಮರೇಶ ಒಂದು ಕಾರು ಗೊತ್ತುಮಾಡಿ ಸಿಂಧನೂರಿಗೆ ಕರೆದೊಯ್ದ. ಅಲ್ಲಿನ ಡಾಕ್ಟರು ಬಹಳ ತಮಾಷೆಯ ಮನುಷ್ಯ, "ಏನವ್ವಾ, ಟಿಕೆಟ್ ಇಲ್ದೇ ಬಂದಿ" ಎಂದೇ ಮಾತು ತೆಗೆದರು. ಆಮೇಲೆ ಸಣ್ಣ ಸುತ್ತಿಗೆಯಿಂದ ಮೊಣಕಾಲಿಗೆ ಬಡಿದರು. ಇನ್ನೊಮ್ಮೆ ಬಡಿದರು. ಕಾಲು ಅಲುಗಲಿಲ್ಲ, ಡಾಕ್ಟರ ತಮಾಷೆಯೂ ನಿಂತಿತು. ತಮಾಷೆಯವರು ಸುಮ್ಮನಾದಾಗ ಆಗುವ ಭಯ ಬೇರೆಯವರು ಗದರಿದರೂ ಆಗುವುದಿಲ್ಲ. ಅದೇ ದಿನ ರಾಯಚೂರಿನ ದೊಡ್ಡ ದವಾಖಾನೆಗೆ ಹೋದೆವು.

ಓಣಿಯವರು ಆಗಲೇ "ಲಕ್ವಾ ಹೊಡದೈತಿ" ಎಂದು ತೀರ್ಮಾನಿಸಿದ್ದರು. ರಾಯಚೂರಿನ ಡಾಕ್ಟರಮ್ಮ ಬೇರೆ ಹೆಸರು ಹೇಳಿದರು. "ಇದು ಲಕ್ವಾ ಅಲ್ಲ. ಗಿಲನ್ ಬಾರೆ ಅಂತಾರ, ನರದ ಬ್ಯಾನಿ. ಪಾದದಿಂದ ಮ್ಯಾಲೆ ಏರಿ, ಅಲ್ಲೇ ನಿಂತು, ಆಮ್ಯಾಲೆ ಇಳೀತೈತಿ. ಭಾಳ ಮಂದಿ ಎದ್ದು ಓಡಾಡ್ತಾರ." ಅವ್ವ ಪೂರ್ತಿ ಕೇಳಿಸಿಕೊಂಡು ಗಂಭೀರವಾಗಿ ಉತ್ತರ ಕೊಟ್ಟಳು.

"ಬಾರೆ, ಬಾರೆ ಅಂತ ಕರದ್ರ ಯಾ ಬ್ಯಾನಿ ಬರಂಗಿಲ್ಲ ಹೇಳ್ರಿ? ಮೊದಲು ಅದಕ್ಕ ಹೋಗೆ ಅಂತ ಹೆಸರಿಡ್ರಿ."

ಡಾಕ್ಟರಮ್ಮ ನಕ್ಕರು. ಮುಂದೆ ಆ ವಾರ್ಡಿನ ನರ್ಸುಗಳೆಲ್ಲ ನನ್ನನ್ನು "ಹೋಗೆ ಪೇಷಂಟು" ಎಂದೇ ಕರೆದರು.

ಏರುವುದು ಎಲ್ಲಿ ನಿಲ್ಲುತ್ತದೆ ಎನ್ನುವುದೇ ಪ್ರಶ್ನೆಯಾಗಿತ್ತು. ಸೊಂಟ ದಾಟಿತು, ಕೈಗೆ ಬಂತು, ಕಪ್ಪು ಹಿಡಿಯಲಾಗದಂತಾಯಿತು. ಎದೆಗೆ ಬಂದರೆ ಉಸಿರಿಗೆ ಯಂತ್ರ ಹಾಕಬೇಕು. ಅದನ್ನು ಅಳೆಯಲು ಒಂದೇ ಉಸಿರಿನಲ್ಲಿ ಅಂಕಿ ಎಣಿಸಲು ಹೇಳುತ್ತಿದ್ದರು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ನನಗೆ ಅಂಕಿ ಎಣಿಸಿದರೆ ಅಳು ಬರುತ್ತಿತ್ತು. ಹಾಗಾಗಿ ಸ್ಟಾಪುಗಳನ್ನು ಹೇಳುತ್ತೇನೆ ಎಂದೆ. ಸಿಂಧನೂರಿನಿಂದ ಹೊರಟು ಅಕ್ಕಿ ಗಿರಣಿ, ಪೆಟ್ರೋಲ್ ಬಂಕು, ಕಾಲುವೆ ಬ್ರಿಜ್ಜು, ಒಂದೊಂದು ಕ್ಯಾಂಪು, ಒಂದೊಂದು ಕ್ರಾಸು. ಕೈ ತೋರಿಸಿದಲ್ಲಿ ನಿಲ್ಲಿಸುವ ಜಾಗಗಳನ್ನೂ ಬಿಡಲಿಲ್ಲ. ಮೊದಲ ದಿನ ಮಸ್ಕಿ ದಾಟಿ ಸಂತೆಕೆಲ್ಲೂರಿನ ತನಕ ಹೋದೆ. ಎರಡನೆಯ ದಿನ ಮಸ್ಕಿಗೇ ಉಸಿರು ಮುಗಿಯಿತು. ಮೂರನೆಯ ದಿನ ಮಸ್ಕಿ ಬರಲೇ ಇಲ್ಲ.

ಮೂರು ಸ್ಟಾಪು ಮೊದಲೇ ನಿಂತುಬಿಟ್ಟೆ. ಎದುರಿಗೆ ನಿಂತಿದ್ದ ಅಮರೇಶನಿಗೆ ಆ ದಾರಿ ಬಾಯಿಪಾಠ. ಅವನು ಗೋಡೆಯ ಕಡೆ ತಿರುಗಿದ. ನನ್ನ ಊರು ನನಗೆ ಇನ್ನು ಬರುವುದಿಲ್ಲ ಅನ್ನಿಸಿತು. ಅಷ್ಟು ಹೆದರಿಕೆ ನನಗೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಐದು ದಿನ ನರಕ್ಕೆ ಔಷಧಿ ಹನಿಸಿದರು. ನಾಲ್ಕನೆಯ ದಿನವೂ ಅದೇ ಸ್ಟಾಪು. ಐದನೆಯ ದಿನವೂ ಅದೇ. ಆರನೆಯ ದಿನ ಬೆಳಿಗ್ಗೆ ಕಣ್ಣು ಮುಚ್ಚಿ ಹೊರಟೆ. ಒಂದು ಸ್ಟಾಪು ಹೆಚ್ಚು ಬಂತು, ಇನ್ನೊಂದು ಬಂತು, ಕೊನೆಯ ಚೂರು ಉಸಿರಿನಲ್ಲಿ "ಮಸ್ಕಿ" ಎಂದೆ. ಅಮರೇಶ, ಬಸ್ಸಿನಲ್ಲಿ ನಾನು ಕೂಗುವ ಧಾಟಿಯಲ್ಲೇ, "ಯಾರ್ರೀ ಮಸ್ಕಿ, ಇಳೀರಿ ಇಳೀರಿ" ಎಂದ. ಪಕ್ಕದ ಹಾಸಿಗೆಯವರಿಗೂ ನಗು ಬಂತು. ಎದೆಯವರೆಗೆ ಬಂದಿದ್ದ ಬೇನೆ ಅಲ್ಲಿಂದ ಹಿಂದಿರುಗಿತ್ತು.

ಮನೆಗೆ ಬಂದಾಗ ನಾನು ಮಾತನಾಡುವ ಒಂದು ಹೊರೆಯಾಗಿದ್ದೆ. ಕೂರಿಸಿದರೆ ಕೂರುವುದು, ಮಲಗಿಸಿದರೆ ಮಲಗುವುದು. ನೋಡಲು ಬಂದವರೆಲ್ಲ ಒಂದೊಂದು ಮದ್ದು ತಂದರು. ನನ್ನ ಚಿಗವ್ವ ಲಿಂಗಸುಗೂರಿನಿಂದ ಒಂದು ಬುಟ್ಟಿ ತಂದಳು. ಅದರೊಳಗೆ ಎರಡು ಪಾರಿವಾಳ. ಲಕ್ವಾಕ್ಕೆ ಪಾರಿವಾಳದ ಸಾರು ಬಿಟ್ಟರೆ ಬೇರೆ ಮದ್ದಿಲ್ಲ ಎಂದು ಯಾರೋ ಅವಳಿಗೆ ಹೇಳಿದ್ದರಂತೆ. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿದ ಮನೆ, ಮೊಟ್ಟೆ ಕೂಡ ಹೊಸ್ತಿಲು ದಾಟಿಲ್ಲ. "ತಿನ್ನಬ್ಯಾಡ್ರಿ, ಹಂಗಾರ ನೋಡ್ರಿ ಸಾಕು, ನೋಡಿದ್ರೂ ಫಾಯ್ದೆ ಐತಂತ" ಎಂದು ಚಿಗವ್ವ ಬಿಟ್ಟು ಹೋದಳು. ಅವ್ವ ಅವುಗಳನ್ನು ಮಾಳಿಗೆಯ ಮೇಲೆ ಹಾರಿಬಿಟ್ಟಳು. ಅವು ಹಾರಿ ಹೋಗಲಿಲ್ಲ. ಇವತ್ತಿಗೂ ಅಲ್ಲೇ ಇವೆ, ಈಗ ಒಂಬತ್ತಾಗಿವೆ.

ನಿಜವಾದ ಮದ್ದು ಸ್ಕೂಟಿಯ ಮೇಲೆ ಬಂತು. ಶೆಫಾಲಿ ಮೇಡಂ ಸಿಂಧನೂರಿನಲ್ಲಿ ಫಿಸಿಯೋಥೆರಪಿ ಮಾಡುವವರು, ವಾರಕ್ಕೆ ಮೂರು ದಿನ ಮಸ್ಕಿಗೆ ಬರುತ್ತಿದ್ದರು. ಸಿಂಧನೂರಿನ ಹೊರಗೆ ಬಂಗಾಲಿ ನಿರಾಶ್ರಿತರ ಕ್ಯಾಂಪುಗಳಿವೆಯಲ್ಲ, ಅವರು ಅಲ್ಲಿ ಹುಟ್ಟಿದವರು. ಕ್ಯಾಂಪಿನಲ್ಲಿ ಮೀನು ಮತ್ತು ಫುಟ್‌ಬಾಲು ಇಲ್ಲದ ಮನೆ ಇಲ್ಲ. ಇವರು ಚಿಕ್ಕಂದಿನಲ್ಲಿ ಗಂಡುಮಕ್ಕಳ ತಂಡದಲ್ಲೇ ಡಿಫೆಂಡರ್ ಆಗಿ ಆಡಿದವರು. ಅಂದರೆ ಗೋಲು ಹೊಡೆಯುವವರಲ್ಲ, ಗೋಲು ಆಗದಂತೆ ಹಿಂದೆ ನಿಲ್ಲುವವರು.

ಮೊದಲ ದಿನವೇ ನನ್ನ ಕಾಲ್ಬೆರಳು ಹಿಡಿದು ಕರಾರು ಹಾಕಿದರು. "ಶರಣಮ್ಮಾ, ಈ ಹೆಬ್ಬೆರಳು ಅಲುಗಿಸಿದ್ರ ಒಂದು ಮ್ಯಾಚ್ ತೋರಸ್ತೀನಿ. ಸ್ವೀಡನ್ ದೇಶದಾಗ ಒಬ್ಬ ಡಿಫೆಂಡರ್ ಇದ್ದ. ನಿಮಗ ಬಂದ ಬ್ಯಾನಿನ ಅವನಿಗೂ ಬಂದಿತ್ತು."

"ಎದ್ದನೇನ್ರಿ?" ಎಂದೆ.

"ಅದನ್ನ ಈಗ ಹೇಳಂಗಿಲ್ಲ. ಮೊದಲ್ನೇ ಮ್ಯಾಚಿನಿಂದ ನೋಡ್ಕೋತ ಬರಬೇಕು. ನೀವು ಗ್ವಾಡಿ ಬಿಟ್ಟು ನಿಂತ ದಿನ ಕಡೀದು."

ನನಗೆ ಫುಟ್‌ಬಾಲು ಎಂದರೆ ದುಂಡಗಿರುತ್ತದೆ ಎನ್ನುವುದಷ್ಟೇ ಗೊತ್ತಿತ್ತು. ಆದರೆ ಆ ಪುಣ್ಯಾತ್ಮ ಎದ್ದನೋ ಇಲ್ಲವೋ ತಿಳಿಯಬೇಕಿತ್ತು. ಅವನು ಎದ್ದಿದ್ದರೆ ನಾನೂ ಏಳಬಹುದು. ಹನ್ನೆರಡು ದಿನ ಆ ಹೆಬ್ಬೆರಳನ್ನು ದಿಟ್ಟಿಸಿದ್ದೇ ದಿಟ್ಟಿಸಿದ್ದು. ಹದಿಮೂರನೆಯ ದಿನ ಅದು ಒಂದು ಭತ್ತದ ಕಾಳಿನಷ್ಟು ಅಲುಗಿತು. ಶೆಫಾಲಿ ಮೇಡಂ ಫೋನು ತೆಗೆದು ನನ್ನ ಮುಂದೆ ಹಿಡಿದರು.

ಹತ್ತೊಂಬತ್ತರ ಹುಡುಗ, ಉದ್ದ ಕಾಲು, ಎಲುಬಿನ ಮೈ. ಹೆಸರಿನ ಮೊದಲಿಗೆ 'ಪರ್' ಎಂದಿತ್ತು, ಕೊನೆಗೆ 'ಸನ್' ಎಂದಿತ್ತು, ನಡುವಿನದು ನನ್ನ ನಾಲಿಗೆಗೆ ಇವತ್ತಿಗೂ ಹೊರಳುವುದಿಲ್ಲ. "ಇವನ ಊರು ಸಿಂಧನೂರಿನಂಥದ್ದೇ ಅನ್ರಿ. ಇಲ್ಲಿ ಅಕ್ಕಿ ಗಿರಣಿ, ಅಲ್ಲಿ ಕಾಗದದ ಗಿರಣಿ. ಅವರಪ್ಪ ಗಿರಣ್ಯಾಗ ದುಡೀತಿದ್ದ" ಎಂದು ಮೇಡಂ ಹೇಳಿದರು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳ ಕಣ್ಣಿಗೆ ಪೊರೆ ಬಂದಿದೆ, ಫೋನಿನಲ್ಲಿ ಏನೂ ಕಾಣುವುದಿಲ್ಲ. ಕಿವಿ ಮಾತ್ರ ಚುರುಕು, ಅದೂ ಬೇಕಾದಷ್ಟಕ್ಕೆ. ಸಂಜೆ ಅವಳು ಪಕ್ಕದ ಮನೆಯವಳಿಗೆ ಹೇಳುವುದು ಕೇಳಿಸಿತು.

"ಸಿಂಧನೂರಾಗ ಪರಸಣ್ಣ ಅಂತ ಒಬ್ಬ ಅದಾನ, ಗಿರಣಿಯವರ ಮಗ. ಅವನಿಗೂ ಇದ ಬ್ಯಾನಿ ಬಂದಿತ್ತಂತ."

ನನಗೆ ನಗು ತಡೆಯಲಾಗಲಿಲ್ಲ. ಅಮರೇಶ ಅವಳನ್ನು ಕೂರಿಸಿಕೊಂಡು ತಿದ್ದಲು ನೋಡಿದ. ಅದು ಸ್ವೀಡನ್, ಬರ್ಫದ ದೇಶ, ಜನ ಬೆಳ್ಳಗಿರುತ್ತಾರೆ ಎಂದೆಲ್ಲ ವಿವರಿಸಿದ. ಅವ್ವ ನಂಬಲಿಲ್ಲ. "ಪರಸಣ್ಣ ಅಂತ ಹೆಸರಿಟ್ಕೊಂಡು ಬ್ಯಾರೆ ದೇಶದಾಂವ ಹೆಂಗಾಗ್ತಾನೋ?" ಎಂದಳು. ಅಲ್ಲಿಗೆ ಆ ವಾದ ಮುಗಿಯಿತು. ನಾವೂ ಅವನನ್ನು ಪರಸಣ್ಣ ಎಂದೇ ಕರೆಯತೊಡಗಿದೆವು. ಕೊನೆಕೊನೆಗೆ ಶೆಫಾಲಿ ಮೇಡಂ ಕೂಡ.

ಹೀಗೆ ಪರಸಣ್ಣನ ಬಾಳು ನನ್ನ ಬೆರಳು, ಮಂಡಿ, ಸೊಂಟದ ಲೆಕ್ಕದಲ್ಲಿ ಮುಂದುವರಿಯಿತು. ನಾನು ಮಂಡಿ ಮಡಚಿದ ದಿನ ಅವನು ಗಿರಣಿಯ ಊರು ಬಿಟ್ಟು ರಾಜಧಾನಿಯ ದೊಡ್ಡ ತಂಡಕ್ಕೆ ಸೇರಿದ. ಅಲ್ಲಿ ಎರಡು ವರ್ಷ ಹೊರಗಿನ ಬೆಂಚೇ ಗತಿ. ಒಂದು ಮ್ಯಾಚಿನ ತುಂಬ ಬೆಂಚಿನ ಮೇಲೆ ಕೂತ ಅವನನ್ನೇ ನೋಡಿದೆವು. "ನನ್ನಂಗ ಕುಂತಾನ ನೋಡು ಪಾಪ" ಎಂದೆ. ನಾನು ಆಸರೆಯಿಲ್ಲದೆ ಕೂತ ದಿನ ಅವನು ಹಾಲೆಂಡಿಗೆ ಹೋದ. ಚಮಚ ಹಿಡಿದು ನಾನೇ ಉಂಡ ದಿನ ತನ್ನ ದೇಶದ ಅಂಗಿ ತೊಟ್ಟು ಆಡಿದ. ಅವನು ಓಡುವುದಕ್ಕಿಂತ ಕೈ ಮಾಡಿ ತೋರಿಸುವುದೇ ಹೆಚ್ಚು. ನೀನು ಅಲ್ಲಿ ನಿಲ್ಲು, ನೀನು ಹಿಂದಕ್ಕೆ ಸರಿ, ಇಲ್ಲಿ ಜಾಗ ಖಾಲಿ ಇದೆ ಎಂದು ಬಾಯಿಗೆ ಬಿಡುವಿಲ್ಲದೆ ಕೂಗುತ್ತಿದ್ದ. ನನಗೆ ಬಹಳ ಪರಿಚಯದ ಕೆಲಸ ಅನ್ನಿಸಿತು.

"ಮೇಡಂ, ಇಂವ ಕಂಡಕ್ಟರ್ ಇದ್ದಂಗ ಅದಾನ" ಎಂದೆ.

"ಬರಾಬರ್ ಹೇಳಿದ್ರಿ. ಡಿಫೆಂಡರ್ ಕೆಲಸ ಅಂದ್ರ ಏನೂ ಆಗದಂಗ ನೋಡ್ಕೊಳ್ಳೋದು. ಏನೂ ಆಗಲಿಲ್ಲ ಅಂದ್ರ ಯಾರೂ ಅವನ ಹೆಸರು ತಗಿಯಂಗಿಲ್ಲ."

ಅದು ನನಗೆ ಬೇಕಾದಾಗಲೇ ಸಿಕ್ಕ ಮಾತು. ಏಕೆಂದರೆ ಮೂರನೆಯ ತಿಂಗಳಲ್ಲಿ ನನ್ನ ಮೈ ಸುಮ್ಮನಾಗಿಬಿಟ್ಟಿತು. ಎರಡು ವಾರ ಒಂದು ಹೊಸ ಅಲುಗಾಟವಿಲ್ಲ. ನಾನು ಮೇಡಂ ಮೇಲೆ ಸಿಡುಕಿದೆ, ಗಂಡನ ಮೇಲೆ ಸಿಡುಕಿದೆ, ಪಾರಿವಾಳಗಳ ಮೇಲೂ ಸಿಡುಕಿದೆ. ಶೆಫಾಲಿ ಮೇಡಂ ಬೇಸರಪಡಲಿಲ್ಲ. "ಇವತ್ತು ಬ್ಯಾನಿ ಮುಂದ ಬಂತೇನು? ಇಲ್ಲ. ನೀವು ಮುಂದ ಹೋದ್ರೇನು? ಇಲ್ಲ. ಅಂದ್ರ ಡ್ರಾ. ಡ್ರಾಕ್ಕೂ ಒಂದು ಪಾಯಿಂಟ್ ಐತ್ರಿ" ಎಂದರು. ಅವ್ವ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸಂತೆಯಲ್ಲಿ ಯಾರಾದರೂ "ಮಗಳು ಹೆಂಗದಾಳ?" ಎಂದರೆ ಅವಳ ಉತ್ತರ "ಇವತ್ತ ಡ್ರಾ ಆತವ್ವ." ಕೇಳಿದವರಿಗೆ ಏನು ತಿಳಿಯುತ್ತಿತ್ತೋ, "ಒಳ್ಳೇದಾತು ಬಿಡು" ಎನ್ನುತ್ತಿದ್ದರು.

ಗೋಡೆ ಹಿಡಿದು ಎದ್ದು ನಿಂತ ದಿನ ಮೇಡಂ ಇನ್ನೊಂದು ಮ್ಯಾಚು ತೋರಿಸಿದರು. ಪರಸಣ್ಣನಿಗೆ ಆಗ ಇಪ್ಪತ್ತೊಂಬತ್ತು, ತಂಡದ ನಾಯಕ. ಆಟ ಮುಗಿಯಲು ಸ್ವಲ್ಪ ಹೊತ್ತಿತ್ತು. ಅವನು ನಡೆಯುತ್ತ ನಡೆಯುತ್ತ, ಯಾರೂ ತಾಗದೆ, ಕುಸಿದು ಬಿದ್ದ. ಎದುರಾಳಿ ತಂಡದವನೊಬ್ಬ ನಕ್ಕ. ಪರಸಣ್ಣನೂ ನಕ್ಕ. ಎದ್ದು ತನ್ನ ಬೂಟನ್ನು ನೋಡಿಕೊಂಡ, ಅದು ಕಾಲಲ್ಲಿದೆಯೋ ಇಲ್ಲವೋ ಎನ್ನುವಂತೆ. ಮೇಡಂ ಅಲ್ಲಿಗೆ ಫೋನು ಆರಿಸಿದರು.

ಆ ನಗು ನನಗೆ ಗೊತ್ತಿತ್ತು. ಬಳಗಾನೂರಿನ ಬಸ್ಸಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಾನೂ ಹಾಗೆಯೇ ನಕ್ಕಿದ್ದೆ. ಊರಾಚೆ, ಕಡಲಾಚೆ, ಹಾಗೆ ನಕ್ಕವನು ಇನ್ನೊಬ್ಬನಿದ್ದ. ಬೇನೆ ಬಂದ ಮೇಲೆ ನಾನು ಒಬ್ಬಳೇ ಅಲ್ಲ ಎಂದು ಮೊದಲ ಸಲ ಅನ್ನಿಸಿದ್ದು ಆವತ್ತು.

ಆದರೆ ಮುಂದೇನು? ಮರುದಿನ ತಡೆಯಲಾಗದೆ ಅಮರೇಶನಿಗೆ ಹೇಳಿದೆ, "ನಿನ್ನ ಫೋನಿನಾಗ ಹುಡುಕಿ ನೋಡು, ಎದ್ದಾನೋ ಇಲ್ಲೋ." ಅವನು ಹುಡುಕಿ ಓದಲು ಬಾಯಿ ತೆರೆದ. ನಾನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡೆ. ಅವನು ಓದುವುದನ್ನು ಬಿಟ್ಟು ನನ್ನ ಕೈಗಳನ್ನೇ ನೋಡಿದ. ಆಮೇಲೆ ಅಮರೇಶ ಮೆಲ್ಲಗೆ, "ಶರಣೀ, ಕೈ ಕಿವಿತನಕ ಎತ್ತೀದಿ" ಎಂದ. ಅಲ್ಲಿಯವರೆಗೆ ನನ್ನ ಕೈ ಭುಜದ ಮೇಲೆ ಏರಿರಲಿಲ್ಲ.

ಕೈಗೆ ಬಲ ಬಂದ ಸುದ್ದಿಗಿಂತ ಬೇಗ ಪರಸಣ್ಣನ ಸುದ್ದಿ ಊರೂರು ತಿರುಗಿತ್ತು. ನಮ್ಮ ಕಡೆ ಕಾಲುವೆಯ ನೀರು ಕೊನೆಯ ಹೊಲ ಮುಟ್ಟುವುದು ಅನುಮಾನ, ಸುದ್ದಿ ಮಾತ್ರ ಮುಟ್ಟದೆ ಇರುವುದಿಲ್ಲ. ಅವ್ವ ಸಂತೆಯಲ್ಲಿ ಹೇಳಿದ್ದನ್ನು ಕೇಳಿದವರು ತರಕಾರಿಯ ಜೊತೆ ಮನೆಗೆ ಒಯ್ದಿದ್ದರು.

ಐದನೆಯ ತಿಂಗಳ ಒಂದು ಮಧ್ಯಾಹ್ನ. ಅಮರೇಶ ಊಟಕ್ಕೆ ಬಂದವನು ಗಿರಾಕಿಯ ಅಂಗಿಗೆ ಗುಂಡಿ ಹಚ್ಚುತ್ತ ಕೂತಿದ್ದ. ಮೇಡಂ ನನ್ನ ಮುಂದೆ ಎರಡು ಹೆಜ್ಜೆ ದೂರದಲ್ಲಿ ನಿಂತು, "ಗ್ವಾಡಿ ಬಿಡ್ರಿ" ಎಂದರು. ಬಿಟ್ಟೆ. ಬೀಳುತ್ತೇನೆ ಅಂದುಕೊಂಡೆ, ಬೀಳಲಿಲ್ಲ. ಅವ್ವ ಕೈಯಲ್ಲಿ ಹಿಟ್ಟು ಹಿಡಿದುಕೊಂಡೇ ಬಂದು, ಕಾಣದ ಕಣ್ಣಿನಿಂದ ನನ್ನ ಎತ್ತರವನ್ನು ಅಂದಾಜು ಮಾಡಿದಳು. "ನಿಂತಾಳೇನ್ರೇ?" ಎಂದಳು. "ನಿಂತೀನಿ ಯವ್ವಾ" ಎಂದೆ. ಅವಳು ಹಿಟ್ಟಿನ ಕೈಯಿಂದಲೇ ನನ್ನ ಮುಖ ಸವರಿದಳು. ನಾಲ್ವರೂ ಅತ್ತೆವು. ಅಮರೇಶ ಆ ಅಂಗಿಗೆ ಅಷ್ಟೂ ಗುಂಡಿಗಳನ್ನು ಉಲ್ಟಾ ಬದಿಗೆ ಹಚ್ಚಿದ್ದ ಎನ್ನುವುದು ಆಮೇಲೆ ಗಿರಾಕಿ ಬಂದು ಜಗಳ ಮಾಡಿದಾಗ ತಿಳಿಯಿತು.

ಕಣ್ಣೊರೆಸಿಕೊಂಡು ಮೇಡಂ ಕೊನೆಯ ಮ್ಯಾಚು ಹಾಕಿದರು. ಬಿದ್ದು ಹನ್ನೊಂದು ತಿಂಗಳ ಮೇಲೆ, ಆಟ ಇನ್ನು ಏಳೇ ನಿಮಿಷ ಇದೆ ಎನ್ನುವಾಗ, ಪರಸಣ್ಣ ಗೆರೆಯ ಹತ್ತಿರ ಬಂದು ನಿಂತ. ಮೈ ಕರಗಿತ್ತು, ಅಂಗಿ ಜೋಲುತ್ತಿತ್ತು. ಅಷ್ಟೂ ಜನ ಎದ್ದು ನಿಂತರು. ಏಳು ನಿಮಿಷದಲ್ಲಿ ಅವನು ಚೆಂಡನ್ನು ಮುಟ್ಟಿದ್ದು ಎರಡೇ ಸಲ. ಓಡಲಾಗಲಿಲ್ಲ. ಆದರೆ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿದ್ದ, ಮತ್ತೆ ಕೈ ಮಾಡಿ ಎಲ್ಲರಿಗೂ ಜಾಗ ತೋರಿಸುತ್ತಿದ್ದ. ಆ ತಂಡ ಅವನನ್ನು ಮುಂದೆ ಉಳಿಸಿಕೊಳ್ಳಲಿಲ್ಲವಂತೆ. ಅವನು ತನ್ನ ಗಿರಣಿಯ ಊರಿಗೆ ಮರಳಿ, ಸಣ್ಣ ತಂಡಕ್ಕೆ ಇನ್ನೂ ನಾಲ್ಕು ವರ್ಷ ಆಡಿ, ಈಗ ಅಲ್ಲಿನ ಹುಡುಗಿಯರಿಗೆ ಆಟ ಕಲಿಸುತ್ತಾನಂತೆ. ನನಗೆ ಅವನ ಎಲ್ಲ ಆಟಕ್ಕಿಂತ ಆ ಏಳು ನಿಮಿಷವೇ ದೊಡ್ಡದು. ಅವ್ವ ಕೇಳಿದ್ದು ಒಂದೇ, "ಪರಸಣ್ಣ ಎದ್ನಾ?" ಎದ್ದ ಎಂದೆ. "ನಾ ಹೇಳಿದ್ದಿಲ್ಲೇನು" ಎಂದು ರೊಟ್ಟಿಗೆ ಹೋದಳು.

ಇನ್ನೂ ಮೂರು ತಿಂಗಳು ಬಿಟ್ಟು ಡಿಪೋಗೆ ಹೋದೆ. ಸಾಹೇಬರು ಒಳ್ಳೆಯ ಮನಸ್ಸಿನಿಂದಲೇ, "ಶರಣಮ್ಮ, ಆಫೀಸಿನಾಗ ಕುಂತು ಮಾಡೋ ಕೆಲಸ ಕೊಡ್ತೀನಿ, ತಗೋ" ಎಂದರು. ಐದು ತಿಂಗಳು ಕೂತಿದ್ದೇನೆ ಸರ್, ಸಾಕಾಗಿದೆ ಎಂದೆ. ನನಗೆ ನನ್ನ ಬಸ್ಸು ಬೇಕಿತ್ತು. ಡಾಕ್ಟರಮ್ಮನ ಚೀಟಿ ತಂದುಕೊಟ್ಟೆ, ಅವರೇ ನೋಡುವಂತೆ ಡಿಪೋದ ಮೆಟ್ಟಿಲು ಹತ್ತಿ ಇಳಿದೆ. ಮನೆಗೆ ಬಂದು ಖಾಕಿ ಅಂಗಿ ತೆಗೆದು ನೋಡಿದರೆ ಅಳತೆ ಹಾಗೆಯೇ ಇತ್ತು. ನಾನು ಕಡ್ಡಿಯಾಗಿದ್ದಾಗ ಅದನ್ನು ಸಣ್ಣದು ಮಾಡಿಕೊಡು ಎಂದು ಅಮರೇಶನಿಗೆ ಹಲವು ಸಲ ಹೇಳಿದ್ದೆ. ನಾಳೆ ನಾಳೆ ಎಂದು ಮುಂದೂಡಿದ್ದ. "ಮಾಡಿಲ್ಲಲ್ಲೋ ನೀನು" ಎಂದೆ. "ಅಂಗಿ ಯಾಕ ಸಣ್ಣದು ಮಾಡ್ಬೇಕು, ನೀ ಮತ್ತ ಮೈ ತುಂಬ್ಕೊಳ್ಳಾಕಿ ಇದ್ದಿ" ಎಂದ. ಆ ಅಂಗಿ ತೊಟ್ಟುಕೊಂಡೆ, ಸರಿಯಾಗಿ ಕೂತಿತು.

ಈಗಲೂ ಎಡಗಾಲಿನ ಎರಡು ಬೆರಳಿಗೆ ಸ್ಪರ್ಶವಿಲ್ಲ. ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಳ್ಳುತ್ತೇನೆ, ಅದು ಹೇಳದೆ ಕೇಳದೆ ಓಡಿಹೋಗದಿರಲಿ ಎಂದು. ಮೊದಲ ಕೆಲವು ವಾರ ಒಂದು ಕೈಯಿಂದ ಕಂಬ ಹಿಡಿದೇ ಟಿಕೆಟು ಕೊಟ್ಟೆ. ಹಳೆಯ ಪ್ರಯಾಣಿಕರು ಅದನ್ನು ನೋಡಿಯೂ ನೋಡದವರಂತೆ ಇದ್ದರು, ಚಿಲ್ಲರೆಯನ್ನು ಮೊದಲೇ ಎಣಿಸಿ ಕೈಗಿಟ್ಟರು.

ಆ ವಾರಗಳಲ್ಲೇ ಒಂದು ದಿನ ಮಸ್ಕಿಯಲ್ಲಿ ಒಬ್ಬ ಅಜ್ಜ ತನ್ನ ಸೊಸೆಯನ್ನು ಎತ್ತಿದಂತೆಯೇ ಬಸ್ಸಿಗೆ ಹತ್ತಿಸಿ ಕೂರಿಸಿದ. ಇಪ್ಪತ್ತೈದರ ಹೆಣ್ಣು, ಕಾಲು ಎರಡೂ ಎಳೆಯುತ್ತಿದ್ದವು. ಕೈಯಲ್ಲಿ ರಾಯಚೂರಿನ ದವಾಖಾನೆಯ ಚೀಲ. ಎಲ್ಲಿಗೆ ಎಂದೆ.

"ಸಿಂಧನೂರಿಗೆ ಯವ್ವ. ಅಲ್ಲಿ ಪರಸಣ್ಣ ಅಂತ ಅದಾರಂತ. ನಮ್ಮ ಸೊಸಿಗೆ ಬಂದ ಬ್ಯಾನಿನ ಅವರಿಗೂ ಬಂದು, ಮಲಗಿದಲ್ಲೇ ಮಲಗಿ, ಆಮ್ಯಾಲೆ ಎದ್ದಾರಂತ. ಔಷಧ ಎಲ್ಲಾ ಆಗ್ಯಾವು. ಎದ್ದವರನ್ನ ಒಮ್ಮೆ ಕಣ್ಣಿಲೆ ನೋಡ್ತೀನಿ ಅಂತ ಹಟ ಹಿಡದಾಳ. ಅವರ ಮನಿ ನಿನಗ ಗೊತ್ತೇನು?"

ಸ್ವೀಡನ್ ಎಂದು ಬಾಯಿಗೆ ಬಂತು. ಆ ಹೆಣ್ಣಿನ ಮುಖ ನೋಡಿ ಮಾತನ್ನು ನುಂಗಿದೆ.

"ಗೊತ್ತೈತ್ರಿ ಅಜ್ಜಾ. ಪರಸಣ್ಣ ಅಂದ್ರ ನಾನೇ."

"ನೀ ಹೆಣ್ಮಗಳು ಅದೀಯಲ್ಲವ್ವ?"

"ಹೌದ್ರಿ. ಮಂದಿ ಬಾಯಾಗ ಹೆಸರು ಅದಲಿ ಬದಲಿ ಆಗೈತಿ. ಎದ್ದ ಕಾಲು ಮಾತ್ರ ಇವೇ ನೋಡ್ರಿ."

ಬಸ್ಸು ಊರು ಬಿಟ್ಟು ವೇಗ ಹಿಡಿದಿತ್ತು, ಮುಂದೆ ಒಂದು ದೊಡ್ಡ ತಿರುವು. ನಾನು ಕಂಬದಿಂದ ಕೈ ತೆಗೆದೆ. ಟಿಕೆಟ್ ಯಂತ್ರವನ್ನು ಬಗಲಿಗೆ ಸರಿಸಿ ಎರಡೂ ಕೈ ಖಾಲಿ ಮಾಡಿಕೊಂಡು, ನಡು ಹಾದಿಯಲ್ಲಿ ನಿಂತೆ. ಆ ಹೆಣ್ಣು ನನ್ನ ಮುಖದ ಕಡೆ ನೋಡಲೇ ಇಲ್ಲ, ಬಗ್ಗಿ ನನ್ನ ಪಾದಗಳನ್ನೇ ನೋಡುತ್ತಿದ್ದಳು. ಬಸ್ಸು ತಿರುವಿಗೆ ವಾಲಿತು.

"ಹಿಡ್ಕೊಂಡು ನಿಂದ್ರವ್ವ" ಎಂದ ಅಜ್ಜ.

ನಾನು ಹಿಡಿಯಲಿಲ್ಲ.